ತಪಾಸಣೆಗೆ ಸಿಕ್ಕ ಆಟದ ಡಬ್ಬಿ

ಚುನಾವಣೆಯ ಸಮಯ. ಅಕ್ಕನ ಮಗಳಿಗೆಂದು ಕಬ್ಬಿಣದ ಪಟ್ಟಿ, ನಟ್ಟು-ಬೋಲ್ಟು ಜೋಡಿಸಿ ಆಡುವ ಆಟದ ಡಬ್ಬಿ ಹಿಡಿದು ಜತ್ತದಿಂದ ಅವಳೂರು ಉಟಗಿಗೆ ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ಹೊರಟಿದ್ದೆ. ನಡುದಾರಿಯಲ್ಲಿ ಪೊಲೀಸರು ತಪಾಸಣೆಗೆಂದು ಬಸ್ ನಿಲ್ಲಿಸಿದರು. ಡಬ್ಬಿ ತೆರೆದ ಹವಾಲ್ದಾರರ ಮುಖ ಬಿಗಿಯಿತು.

“ಏನ್ರಿ ಇದು?”

“ಆಟದ ಸಾಮಾನ್ರಿ. ಅಕ್ಕನ ಮಗಳಿಗೆ.”

“ಹುಡಿಗ್ಯಾರು ಇಂಥಾದ್ದು ಆಡ್ತಾರೇನ್ರಿ? ಕೆಳಗ ಇಳೀರಿ. ಜೋಡಿಸಿ ತೋರಸ್ರಿ.”

ಬಸ್ಸಿನವರೆಲ್ಲ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದರು. ಎಷ್ಟು ತಿರುಗಿಸಿದರೂ ಒಂದು ನಟ್ಟೂ ಕೂಡಲಿಲ್ಲ. ತಾಳಲಾರದೆ ಹವಾಲ್ದಾರರೇ ಕುಳಿತು, ಡಬ್ಬಿಯ ಮೇಲಿನ ಚಿತ್ರ ನೋಡಿಕೊಂಡು ಕ್ರೇನ್ ಕಟ್ಟಿದರು. ಅದು ನೆಟ್ಟಗೆ ನಿಂತಾಗ ನನಗೆ ಹೋದ ಜೀವ ಬಂದಂತಾಯಿತು.

“ಸಾಹೇಬ್ರ, ಗಾಡಿ ಬಿಡ್ಲ್ಯಾ?” ಎಂದು ಕಂಡಕ್ಟರ್ ಕೇಳಿದ.

“ತಡೀರಿ, ಇದರಾಗ ಟ್ರಕ್ಕೂ ಮಾಡಾಕ ಬರ್ತೈತಿ,” ಎಂದರು ಹವಾಲ್ದಾರರು.

ತಪಾಸಣೆ ಮುಗಿಯಿತೇ ಎಂದು ಕೇಳುವ ಧೈರ್ಯ ಬಸ್ಸಿನಲ್ಲಿ ಯಾರಿಗೂ ಇರಲಿಲ್ಲ.