ಎರಡು ನಿಮಿಷ ಜಾರಿದ ಬೆಜೆಲ್

ಐದಾರು ವರ್ಷಗಳ ಹಿಂದಿನ ಮಾತು. ರಾಯದುರ್ಗದ ಬಸ್ ನಿಲ್ದಾಣದ ಹತ್ತಿರ ನಾನು ವಾಚ್ ರಿಪೇರಿ ಅಂಗಡಿ ಇಟ್ಟು ಆಗಲೇ ಇಪ್ಪತ್ತೆಂಟು ವರ್ಷವಾಗಿತ್ತು. ಮಡಕಶಿರಾ ಕಡೆಯ ಹನುಮಂತರಾಯ ನೌಕಾದಳದಲ್ಲಿದ್ದರು. ಹೆಂಡತಿಯ ತವರು ನಮ್ಮೂರು. ರಜೆಗೆ ಬಂದವರು ಒಂದು ಡೈವಿಂಗ್ ವಾಚ್ ತಂದರು. ಗಾಜಿನ ಸುತ್ತ ನಿಮಿಷದ ಗುರುತುಗಳಿದ್ದು, ಕೈಯಿಂದ ತಿರುಗಿಸುವ ಉಂಗುರಕ್ಕೆ ಬೆಜೆಲ್ ಎನ್ನುತ್ತಾರೆ. ಅದು ಬಿಗಿದು ನಿಂತಿತ್ತು.

"ಇದು ತಿರುಗದಿದ್ರ ಏನಾತ್ರಿ? ಟೈಮ್ ಸರಿ ಐತಲ್ಲ" ಎಂದೆ.

ಹಾಯಿದೋಣಿ ಪಂದ್ಯದಲ್ಲಿ ದಾರಿಯ ಲೆಕ್ಕ ಇಡುವುದು ಅವರ ಕೆಲಸವಂತೆ. ಅವರ ಪಂದ್ಯದಲ್ಲಿ ಜಿಪಿಎಸ್ ಬಳಸುವಂತಿರಲಿಲ್ಲ. ದೋಣಿ ಎಲ್ಲಿ ತಿರುಗಬೇಕೆಂದು ತೋರಿಸಲು ನೀರಿನಲ್ಲಿ ತೇಲಿಬಿಟ್ಟ ಬೋಯ್ ಮಬ್ಬಿನಲ್ಲಿ ಕಾಣದಿದ್ದರೆ, ವೇಗ ನೋಡಿ 'ಇದೇ ದಿಕ್ಕಿಗೆ ಹನ್ನೆರಡು ನಿಮಿಷ' ಎಂದು ಲೆಕ್ಕ ಹಾಕುತ್ತಾರೆ. ಬೆಜೆಲ್‌ನ ತ್ರಿಕೋನವನ್ನು ನಿಮಿಷದ ಮುಳ್ಳಿಗೆ ಹೊಂದಿಸಿಟ್ಟರೆ, ಕಳೆದ ನಿಮಿಷಗಳನ್ನು ಉಂಗುರವೇ ತೋರಿಸುತ್ತದೆ.

ಬಿಚ್ಚಿದೆ. ಒಳಗೆ ಉಪ್ಪು ಕಟ್ಟಿತ್ತು. ಉಂಗುರ ಹಿಂದಕ್ಕೆ ಜಾರದಂತೆ ಹಿಡಿಯುವ ಸ್ಪ್ರಿಂಗ್ ಸವೆದಿತ್ತು. ಹೊಸದು ನನ್ನಲ್ಲಿರಲಿಲ್ಲ, ಅವರು ಮರುದಿನವೇ ಹೊರಡುವವರು. ಹಳೆಯದನ್ನೇ ಬಗ್ಗಿಸಿ ಕೂರಿಸಿದೆ. ಟಿಕ್ ಟಿಕ್ ಎಂದು ತಿರುಗಿತು, ಆದರೆ ಒತ್ತಿದರೆ ಹಿಂದಕ್ಕೂ ಜಾರುತ್ತಿತ್ತು. ಅದು ನನಗೆ ಗೊತ್ತಿತ್ತು.

"ಪಂದ್ಯಕ್ಕೆ ನಂಬಬೋದಾ ಅಣ್ಣ?"

"ಚಿಂತಿ ಬಿಡ್ರಿ, ಪಕ್ಕಾ ಆಗೈತಿ." ನನ್ನಿಂದ ಆಗಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ಮುಂದಿನ ರಜೆಗೆ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತರು. ಪಂದ್ಯದ ದಿನ ಸಮುದ್ರದಲ್ಲಿ ಮಬ್ಬಿತ್ತಂತೆ. ಬೆಜೆಲ್ ಹತ್ತು ನಿಮಿಷ ತೋರಿಸುವಾಗ ನಿಜವಾಗಿ ಹನ್ನೆರಡಾಗಿತ್ತು. ದೋಣಿ ಎರಡು ನಿಮಿಷ ತಡವಾಗಿ ತಿರುಗಿತು. ಬೋಯ್ ಹುಡುಕಿ ಪಂದ್ಯ ಮುಗಿಸುವಷ್ಟರಲ್ಲಿ ಇವರೇ ಕೊನೆ. ತಂಡದಿಂದ ಅವರನ್ನು ಕೈಬಿಟ್ಟಿದ್ದರು.

"ನಂದೇ ತಪ್ಪು ಬಿಡಣ್ಣ. ಹಗ್ಗ ಎಳೆಯೋವಾಗ ಉಂಗುರಕ್ಕೆ ಕೈ ತಾಕೈತೆ, ನಾನು ನೋಡ್ಕಳ್ಲಿಲ್ಲ."

ಕೈಯಲ್ಲಿದ್ದ ಚಿಮ್ಮಟ ಕೆಳಗಿಟ್ಟೆ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ನಿಮ್ದಲ್ರಿ. ಅದು ಜಾರ್ತದಂತ ಕೊಡೋವಾಗ್ಲೇ ನನಗ ಗೊತ್ತಿತ್ರಿ."

ಅವರು ವಾಚ್ ಬಿಚ್ಚಿ, ಉಂಗುರ ಒತ್ತಿ ನೋಡಿದರು. ಆಮೇಲೆ ಫೋನ್ ತೆಗೆದು, "ಇದನ್ನೇ ನಮ್ಮ ಕ್ಯಾಪ್ಟನ್‌ಗೆ ಹೇಳಣ್ಣ" ಎಂದರು. ನನ್ನ ಹರಕು ಹಿಂದಿಯಲ್ಲಿ ಎಲ್ಲ ಹೇಳಿದೆ. ಆ ಕಡೆಯವರು ಸಮಾಧಾನದಿಂದ ಕೇಳಿದರು. ಹೊಸಬರನ್ನು ಆಗಲೇ ಆರಿಸಿಯಾಗಿದೆ, ಇನ್ನು ಬದಲಿಸಲಾಗದು ಎಂದರು.

ಹನುಮಂತರಾಯ ಬೈಯಲಿಲ್ಲ. ವಾಚ್ ಕಟ್ಟಿಕೊಂಡು ಮೆಟ್ಟಿಲಿಳಿದರು. ಸರಿಮಾಡಿ ಕೊಡು ಎಂದು ಮಾತ್ರ ಕೇಳಲಿಲ್ಲ.

ಈಗ ಯಾರದೇ ವಾಚ್ ಆಗಲಿ, ಏನು ಸರಿಯಾಗಿಲ್ಲ ಎಂಬುದನ್ನು ಮೊದಲು ಹೇಳಿ, ಆಮೇಲೆ ವಾಚ್ ಕೈಗಿಡುತ್ತೇನೆ. ಕೆಲವರು ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗಲಿ. ನನ್ನ ಒಂದು ಸುಳ್ಳಿಗೆ ಆ ಮನುಷ್ಯ ತಿಂಗಳುಗಟ್ಟಲೆ ತನ್ನನ್ನೇ ಬೈದುಕೊಂಡಿದ್ದ.