ಕಾಳಗದ ಟಗರು ಸಾಕಿದ ವರ್ಷ

ನಾನು ಚಳ್ಳಕೆರೆಯಲ್ಲಿ ಲಗೇಜ್ ಆಟೊ ಓಡಿಸುತ್ತೇನೆ. ಮಿಲ್ಲುಗಳಿಂದ ಅಂಗಡಿಗಳಿಗೆ ಶೇಂಗಾ ಎಣ್ಣೆಯ ಡಬ್ಬ ಸಾಗಿಸುವುದು ಕೆಲಸ. ಮನೆ ದೊಡ್ಡಉಳ್ಳಾರ್ತಿಯಲ್ಲಿ. ನಮ್ಮದು ಕುರಿ ಕಾಯುವ ಮನೆತನ. ಅಪ್ಪ ಈಗಲೂ ಇರುವಷ್ಟು ಕುರಿಗಳನ್ನು ಹುಲ್ಲುಗಾವಲ ಕಾವಲಿನ ಅಂಚಿಗೆ ಹೊಡೆದುಕೊಂಡು ಹೋಗುತ್ತಾನೆ. ನನ್ನ ಹೆಂಡತಿ ನನ್ನ ಅಕ್ಕನ ಮಗಳೇ. ಮದುವೆಗೆ ಮುಂಚೆ ನನ್ನನ್ನು ಮಾವ ಅನ್ನುತ್ತಿದ್ದಳು, ಆಮೇಲೂ ಹಾಗೇ ಅಂದಳು. ನಮ್ಮಪ್ಪ ಅವಳಿಗೆ ತಾತ. ಮನೆಯಲ್ಲಿ ನಾವು ಮೂರೇ ಜನ.

ಆ ಟಗರಿನ ತಾಯಿ ಈಯುವಾಗಲೇ ಸತ್ತಿತ್ತು. ಮರಿ ಉಳಿಯುವುದಿಲ್ಲ ಎಂದು ಅಪ್ಪ ಕೈಬಿಟ್ಟಿದ್ದ. ನನ್ನ ಹೆಂಡತಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, ಬಾಟಲಿಗೆ ನಿಪ್ಪಲ್ ಹಾಕಿ ಹಾಲು ಕುಡಿಸಿ ಉಳಿಸಿದಳು. ಅದು ಅವಳ ಹಿಂದೆಯೇ ನಲ್ಲಿಗೆ ಹೋಗುತ್ತಿತ್ತು, ಅವಳು ಮುದ್ದೆ ತಿರುವುವಾಗ ಬೆನ್ನಿಗೆ ಬೆನ್ನು ತಾಗಿಸಿ ಮಲಗುತ್ತಿತ್ತು. ಎರಡು ವರ್ಷದಲ್ಲಿ ಕೊಂಬು ಸುರುಳಿ ಸುತ್ತಿ, ಹಣೆ ಒಳ್ಳೇ ಕಲ್ಲುಗುಂಡಿನ ಹಾಗಾಯಿತು. ಆಗಲೂ ಅವಳು ‘ಬಾ ಮಗ’ ಅಂದರೆ ಸಾಕು, ಓಡಿಬಂದು ಅಂಗೈಗೆ ಹಣೆ ಒರಗಿಸುತ್ತಿತ್ತು.

ನಾನು ಡಬ್ಬ ಸಾಗಿಸುತ್ತಿದ್ದ ಮಿಲ್ಲಿನ ಸಾವ್ಕಾರನಿಗೆ ಟಗರು ಕಾಳಗದ ಹುಚ್ಚು. ಒಂದು ದಿನ ಹೊಲದ ಶೇಂಗಾ ನೋಡಲು ನಮ್ಮೂರಿಗೆ ಬಂದವನು ನಮ್ಮ ಅಂಗಳದಲ್ಲಿ ಟಗರನ್ನು ಕಂಡು ಅಲ್ಲೇ ನಿಂತ.

“ಏನಲೇ, ಇಂಥಾ ಹಣೆಯ ಟಗರು ಇಟ್ಕಂಡು ಡಬ್ಬ ಹೊರ್ತೀಯಾ? ಬಾ, ಕಾರ್ ಹತ್ತು” ಅಂದ.

ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಚಳ್ಳಕೆರೆವರೆಗೂ ಕರೆದುಕೊಂಡು ಹೋದ. ದಾರಿಯಲ್ಲಿ ಏನು ಮಾತಾಡಿದನೋ ನನಗೆ ನೆನಪಿಲ್ಲ. ನಾನು ಕಿಟಕಿಯ ಗಾಜು ಇಳಿಸಿ, ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರಿನವರು ಯಾರಾದರೂ ನಿಂತಿದ್ದಾರೆಯೇ, ನನ್ನನ್ನು ನೋಡುತ್ತಾರೆಯೇ ಎಂದು ಹುಡುಕುತ್ತಿದ್ದೆ. ಯಾರೂ ಇರಲಿಲ್ಲ. ಅದೇ ಒಂದು ಕೊರಗಾಗಿ ಉಳಿಯಿತು.

ಮಾರನೆಯ ದಿನದಿಂದ ಟಗರನ್ನು ಕಾಳಗಕ್ಕೆ ತಯಾರು ಮಾಡಲು ಶುರುಮಾಡಿದೆ. ಅಪ್ಪ ಬೇಡ ಅಂದ. “ಮನ್ಯಾಗೆ ಬೆಳ್ದಿದ್ದು ಅದು. ಅದಕ್ಕೆ ಮನುಷ್ಯರ ಭಯ ಇಲ್ಲ. ಸಿಟ್ಟು ಕಲಿಸಿದ್ರೆ ಮನುಷ್ಯರ ಮ್ಯಾಲೇ ಬರ್ತೈತೆ ಲೇ” ಅಂದ. ಕುರಿಗಳ ಜತೆಯೇ ಮುದುಕನಾದವನ ಮಾತು ಅದು. ನನಗೆ ಅದರಲ್ಲಿ ಬಡತನ ಮಾತ್ರ ಕೇಳಿಸಿತು.

ಆಟೊದ ಹಿಂದೆ ಕಟ್ಟಿ ಓಡಿಸಿದೆ. ಬೇವಿನ ಮರಕ್ಕೆ ಮರಳು ತುಂಬಿದ ಚೀಲ ತೂಗುಬಿಟ್ಟು ಗುದ್ದಿಸಿದೆ. ಗುದ್ದದೆ ನಿಂತರೆ ಹುಣಸೆ ಬರಲಿನಿಂದ ಕಾಲಿಗೆ ಬಾರಿಸುತ್ತಿದ್ದೆ. ಹಣೆಗೆ ಅಂಗೈಯಿಂದ ಮತ್ತೆ ಮತ್ತೆ ಬಡಿದು ರೇಗಿಸುತ್ತಿದ್ದೆ. ಹುರುಳಿ, ಮೊಟ್ಟೆ ತಿನ್ನಿಸಿದೆ. ಕಾಳಗಕ್ಕೆ ಮುಂಚೆ ಬ್ರಾಂದಿ ಕುಡಿಸಬೇಕು ಎಂದು ಸಾವ್ಕಾರನ ಕಡೆಯವನು ಹೇಳಿಕೊಟ್ಟ, ಅದನ್ನೂ ಬಾಯಿ ಅಗಲಿಸಿ ಸುರಿದೆ. ಹೆಂಡತಿಗೆ ಟಗರನ್ನು ಮುಟ್ಟಬೇಡ ಅಂದೆ. ಅವಳ ಕೈ ತಾಗಿದರೆ ಅದು ಮೆತ್ತಗಾಗುತ್ತದೆ ಎಂಬ ಅಂಜಿಕೆ ನನಗೆ.

ಅವಳು ಕೇಳಲಿಲ್ಲ. ಒಂದು ಮಧ್ಯಾಹ್ನ ನಾನು ಮನೆಗೆ ಬಂದರೆ, ಟಗರಿನ ಕಾಲಿನ ಬಾಸುಂಡೆಗಳಿಗೆ ಹರಳೆಣ್ಣೆ ಹಚ್ಚುತ್ತ ಕೂತಿದ್ದಳು. ಟಗರು ಅವಳ ಭುಜದ ಮೇಲೆ ಗದ್ದ ಇಟ್ಟುಕೊಂಡು ಕಣ್ಣು ಮುಚ್ಚಿತ್ತು. ನಾನು ಅವಳ ಜಡೆ ಹಿಡಿದು ಎಬ್ಬಿಸಿ ಕೆನ್ನೆಗೆ ಹೊಡೆದೆ. ಒಂದಲ್ಲ, ಮೂರು ಏಟು. ಅವಳ ಮೂಗುತಿ ಚುಚ್ಚಿಕೊಂಡು ರಕ್ತ ತುಟಿಯವರೆಗೂ ಇಳಿಯಿತು. ಅದಕ್ಕೆ ಮುಂಚೆ ನಾನು ಅವಳ ಮೇಲೆ ಕೈ ಮಾಡಿರಲಿಲ್ಲ.

“ನೀನೂ ಅದರಂಗೇ ಆಗ್ತಿದ್ದೀಯ ಮಾವ” ಅಂದಳು, ಅಷ್ಟೆ. ಅತ್ತು ಗಲಾಟೆ ಮಾಡಲಿಲ್ಲ.

ಮೊದಲ ಕಾಳಗ ಬಿ.ಜಿ. ಕೆರೆಯಲ್ಲಿ, ಊರ ಹೊರಗಿನ ಬಯಲಿನಲ್ಲಿ ನಡೆಯಿತು. ಎದುರಿಗೆ ಒಬ್ಬ ವಯಸ್ಸಾದ ಕುರಿಗಾಹಿಯ ಟಗರು. ಎರಡೂ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟು, ತಲೆ ತಗ್ಗಿಸಿ ಓಡಿಬಂದು ಗುದ್ದಿಕೊಂಡಾಗ ಬಂಡೆ ಒಡೆದ ಹಾಗೆ ಸದ್ದಾಯಿತು. ಹತ್ತು ಹನ್ನೆರಡು ಗುದ್ದಿಗೆ ಎದುರಿನದರ ಕೊಂಬು ಬುಡದಿಂದ ಕಿತ್ತುಬಂತು. ರಕ್ತ ಅದರ ಕಣ್ಣಿಗೆ ಇಳಿದು ದಿಕ್ಕು ಕಾಣದೆ ಸುತ್ತುತ್ತಿತ್ತು. ನನ್ನದು ಅದನ್ನು ಬಿಡದೆ ಪಕ್ಕೆಗೆ ಗುದ್ದಿ ಕೆಡವಿತು. ಆ ಮುದುಕ ಕಣದ ಒಳಗೆ ಬಂದು, ತನ್ನ ತಲೆಗೆ ಸುತ್ತಿದ್ದ ರುಮಾಲನ್ನು ಬಿಚ್ಚಿ ಕೊಂಬಿನ ತೂತಿಗೆ ಒತ್ತಿ ಹಿಡಿದು ಕೂತುಬಿಟ್ಟ. ಅವನ ಕಡೆ ನೋಡಬಾರದು ಎಂದು ಮುಖ ತಿರುಗಿಸಿದೆ. ಅಷ್ಟರಲ್ಲಿ ಸಾವ್ಕಾರ ನನ್ನ ಕೊರಳಿಗೆ ಹಾರ ಹಾಕಿದ.

ಒಂದು ವಾರದಲ್ಲಿ ಚಳ್ಳಕೆರೆಯ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು. ನಡುವೆ ಸಾವ್ಕಾರ, ಪಕ್ಕದಲ್ಲಿ ಟಗರು, ಕೆಳಗೆ ಮೂಲೆಯಲ್ಲಿ ಬೊಟ್ಟಿನಷ್ಟು ನನ್ನ ಮುಖ. ಅದನ್ನು ನೋಡಲೆಂದೇ ಆಟೊ ತಿರುಗಿಸಿಕೊಂಡು ದಿನಕ್ಕೆ ಮೂರು ಸಲ ಹೋಗುತ್ತಿದ್ದೆ. ಬಿಳಿ ಅಂಗಿ, ಬಿಳಿ ಪ್ಯಾಂಟು ಹೊಲಿಸಿದೆ. ಕತ್ತಿಗೆ ಗಿಲೀಟಿನ ಸರ ಹಾಕಿದೆ. ಡಬ್ಬ ಇಳಿಸಲು ಕೈ ಹಾಕದೆ ಆಟೊದಲ್ಲೇ ಕೂರುತ್ತಿದ್ದೆ. ವರ್ಷಗಟ್ಟಲೆ ಜತೆಯಲ್ಲಿ ಉಂಡಿದ್ದ ಒಬ್ಬ ಹಮಾಲಿ, “ಯಾಕಲೇ, ಬೆನ್ನು ನೋಯ್ತೈತಾ?” ಎಂದು ನಗುತ್ತ ಕೇಳಿದ್ದಕ್ಕೆ ಅಂಗಿಯ ಕಾಲರ್ ಹಿಡಿದು ಡಬ್ಬಗಳ ಮೇಲೆ ನೂಕಿದೆ. ಒಂದು ಮದುವೆಯಲ್ಲಿ ಯಾರೋ ಕೇಳಿದಾಗ, ಮಿಲ್ಲಿನಲ್ಲಿ ನಾನೂ ಪಾಲುದಾರ ಅಂದೆ. ಪಕ್ಕದಲ್ಲಿದ್ದ ಹೆಂಡತಿ ಎಲೆಯಿಂದ ಕೈ ಎತ್ತಿ ಎದ್ದುಹೋದಳು.

ದೇವಸಮುದ್ರದ ಕಾಳಗಕ್ಕೆ ಆಂಧ್ರದ ಕಡೆಯಿಂದಲೂ ಜನ ಬಂದಿದ್ದರು. “ಕೊಟ್ಟರಾ, ಕೊಟ್ಟು!”, ಹೊಡಿ ಹೊಡಿ ಎಂದು ತೆಲುಗಿನಲ್ಲಿ ಕೂಗುವವರ ನಡುವೆ ನನ್ನ ಟಗರು ಎರಡನೆಯ ಸಲ ಗೆದ್ದಿತು. ಅಷ್ಟು ಹೊತ್ತಿಗೆ ಅದರ ಹತ್ತಿರ ಹೋಗಲು ನನಗೇ ಹೆದರಿಕೆಯಾಗುತ್ತಿತ್ತು. ಎರಡು ಕಡೆಯಿಂದ ಹಗ್ಗ ಹಾಕಿ ಕಟ್ಟುತ್ತಿದ್ದೆ. ಕಣ್ಣು ಸದಾ ಕೆಂಪಗಿರುತ್ತಿದ್ದವು. ರಾತ್ರಿಯೆಲ್ಲ ಗೋಡೆಗೆ ಗುದ್ದುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಮೊಳಕಾಲ್ಮೂರಿನಿಂದ ಮೂವರು ಟಗರು ನೋಡಲು ಬಂದರು. ದೊಡ್ಡ ಕಾರು, ಕೈತುಂಬಾ ಉಂಗುರ. ಅವರ ಮುಂದೆ ಟಗರಿನ ಪೌರುಷ ತೋರಿಸಬೇಕಲ್ಲ. ಬ್ರಾಂದಿ ಕುಡಿಸಿ, ಹಣೆಗೆ ಬಡಿದು ಬಡಿದು ರೇಗಿಸಿ, ಮರಳಿನ ಚೀಲ ಹರಿಯುವವರೆಗೂ ಗುದ್ದಿಸಿದೆ. ಅವರು ಭೇಷ್ ಅಂದರು. ಖುಷಿಯಲ್ಲಿ ಒಂದೇ ಹಗ್ಗ ಕಟ್ಟಿ, ಅವರನ್ನು ಟೀ ಅಂಗಡಿಗೆ ಕರೆದುಕೊಂಡು ಹೋದೆ.

ವಾಪಸು ಬರುವಾಗ ಓಣಿಯ ತಿರುವಿನಿಂದಲೇ ಅಂಗಳ ಕಂಡಿತು. ಹಗ್ಗ ತುಂಡಾಗಿತ್ತು. ಹೆಂಡತಿ ಕಲ್ಲಿನ ಬಾನಿಯ ಹತ್ತಿರ ಬಗ್ಗಿ ಪಾತ್ರೆ ಉಜ್ಜುತ್ತಿದ್ದಳು. ಟಗರು ಅವಳ ಎದುರಿಗೆ ನಿಂತು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗುತ್ತಿತ್ತು. ಅದರ ಅರ್ಥ ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ, ಒಂದು ಕಾಳಗವನ್ನೂ ಅವಳು ನೋಡಿರಲಿಲ್ಲ.

“ಒಳಗೆ ಓಡೇ! ಓಡು!” ಎಂದು ಕಿರುಚಿದೆ.

ಅವಳು ಎದ್ದು ನಿಂತು ನನ್ನ ಕಡೆ ತಿರುಗಿದಳು. ಮತ್ತೆ ಅದರ ಕಡೆ ನೋಡಿ ಒದ್ದೆ ಕೈ ಚಾಚಿ, “ಬಾ ಮಗ” ಅಂದಳು.

ಅದು ಓಡಿಬಂದು ಸೊಂಟಕ್ಕೆ ಗುದ್ದಿತು. ಅವಳು ಬಾನಿಯ ಅಂಚಿಗೆ ಅಪ್ಪಳಿಸಿ ಕೆಳಗೆ ಬಿದ್ದಳು. ಮೂಳೆ ಮುರಿದ ಸದ್ದು ಓಣಿಗೆ ಕೇಳಿಸಿತು. ಟಗರು ಮತ್ತೆ ಹಿಂದಕ್ಕೆ ಹೆಜ್ಜೆ ಇಟ್ಟಿತು. ನಾನು ಓಣಿಯ ತಿರುವಿನಲ್ಲೇ ನಿಂತಿದ್ದೆ. ಎರಡನೆಯ ಏಟು ಅವಳ ತೊಡೆಗೆ ಬಿತ್ತು. ಮೂರನೆಯದಕ್ಕೆ ಅದು ಹಿಂದೆ ಸರಿಯುವಾಗ ಅಪ್ಪ ಕೊಟ್ಟಿಗೆಯಿಂದ ಓಡಿಬಂದ. ಹೆಗಲ ಮೇಲಿದ್ದ ಕಂಬಳಿಯನ್ನು ಅದರ ತಲೆಗೆ ಎಸೆದು, ಕತ್ತಿಗೆ ಜೋತುಬಿದ್ದ. ಕಣ್ಣು ಕಾಣದ ಟಗರು ಅವನನ್ನು ಅಂಗಳದ ತುಂಬಾ ಎಳೆದಾಡಿತು, ಗೋಡೆಗೆ ಉಜ್ಜಿತು. ಅವನ ಮೊಣಕೈಗಳ ಚರ್ಮ ಕಿತ್ತುಹೋದರೂ ಕೈ ಬಿಡಲಿಲ್ಲ. ಆಗ ನಾನು ಓಡಿದೆ. ಬಂದ ಮೂವರಲ್ಲಿ ಒಬ್ಬ ಮೊಬೈಲ್ ಹಿಡಿದು ಎಲ್ಲವನ್ನೂ ವಿಡಿಯೋ ಮಾಡುತ್ತಿದ್ದ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಸೊಂಟಕ್ಕೆ ರಾಡ್ ಹಾಕಿದರು. ಮೂರನೆಯ ದಿನ ಸಾವ್ಕಾರ ಸೇಬು ಹಣ್ಣಿನ ಚೀಲ ಹಿಡಿದು ಬಂದ. ಅವಳ ಕಡೆ ಒಮ್ಮೆ ನೋಡಿ, ನನ್ನನ್ನು ಪರದೆಯ ಆಚೆಗೆ ಕರೆದ.

“ವಿಡಿಯೋ ನೋಡ್ದೆ ಕಣಲೇ. ಏನ್ ಏಟಲೇ ಅದು! ಆ ವೇಗ ನಾನು ಯಾವ ಟಗರ್‌ನಾಗೂ ನೋಡಿಲ್ಲ. ನಂಗೆ ಕೊಟ್ಟುಬಿಡು. ಇಲ್ಲಿ ಖರ್ಚೆಲ್ಲ ನಾನು ನೋಡ್ಕಂತೀನಿ.”

ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಆ ಮಾತು ಕೇಳಿದಾಗ ನನಗೆ ಸಿಟ್ಟು ಬರಲಿಲ್ಲ, ಹೆಮ್ಮೆಯಾಯಿತು. ಒಂದೇ ಗಳಿಗೆ, ಆದರೆ ಹೆಮ್ಮೆಯೇ. ನನ್ನ ಹೆಂಡತಿಯ ಸೊಂಟ ಮುರಿದ ಏಟನ್ನು ಒಬ್ಬ ಸಾವ್ಕಾರ ಹೊಗಳುತ್ತಿದ್ದಾನೆ, ನನ್ನ ಎದೆ ಉಬ್ಬುತ್ತಿದೆ. “ಆಗ್ಲಿರೀ” ಅಂದೆ. ಪರದೆ ಸರಿಸಿ ಒಳಗೆ ಹೋದರೆ ಅವಳು ಎಚ್ಚರವಾಗಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಹಣ್ಣಿನ ಚೀಲವನ್ನು ಕೈಯಿಂದ ತಳ್ಳಿದಳು. ಸೇಬುಗಳು ಮಂಚಗಳ ಕೆಳಗೆ ಉರುಳಿಹೋದವು.

ಅವಳು ಮನೆಗೆ ಬಂದ ಇಪ್ಪತ್ತು ದಿನಕ್ಕೆ ಮೊಳಕಾಲ್ಮೂರಿನಲ್ಲಿ ದೊಡ್ಡ ಕಾಳಗ. ಸಾವ್ಕಾರ ಕರೆದಿರಲಿಲ್ಲ, ಆದರೂ ಬಿಳಿ ಬಟ್ಟೆ ಹಾಕಿಕೊಂಡು ಹೋದೆ. ಅವನು ಶಾಮಿಯಾನದ ಕೆಳಗೆ ಕುರ್ಚಿಯಲ್ಲಿ ಕೂತಿದ್ದ. ನನ್ನನ್ನು ನೋಡಿದ, ಕರೆಯಲಿಲ್ಲ. ನಾನು ಜನರ ಮಧ್ಯೆ ಬಿಸಿಲಿನಲ್ಲಿ ನಿಂತೆ.

ಟಗರು ಸೊರಗಿತ್ತು, ಹಣೆಯ ಮೇಲೆ ಆರದ ಗಾಯವಿತ್ತು. ಎದುರಿಗೆ ಕಪ್ಪು ಟಗರು. ಇಪ್ಪತ್ತಕ್ಕೂ ಹೆಚ್ಚು ಗುದ್ದು ಆದವು. ಹಣೆಯ ಗಾಯ ಬಿರಿದು ಒಳಗಿನ ಬಿಳಿ ಮೂಳೆ ಕಂಡಿತು. ಹಿಂದಕ್ಕೆ ತಿರುಗಿ ಹೋಗಲು ನೋಡಿದರೆ ಸಾವ್ಕಾರನ ಆಳುಗಳು ಕೋಲಿನಿಂದ ಹೊಡೆದು ಮತ್ತೆ ಎದುರಿಗೆ ನಿಲ್ಲಿಸಿದರು. ಆಮೇಲಿನ ಒಂದು ಗುದ್ದಿಗೆ ಸದ್ದೇ ಬೇರೆ ಬಂತು, ಮಣ್ಣಿನ ಗಡಿಗೆ ಒಡೆದ ಹಾಗೆ. ನಮ್ಮ ಟಗರು ಮುಂಗಾಲು ಮಡಚಿ ಬಿತ್ತು. ಮೂಗಿನಿಂದ ರಕ್ತ ಬುಗುಬುಗು ಬರುತ್ತಿತ್ತು, ಹಿಂಗಾಲು ಮಣ್ಣು ಕೆರೆಯುತ್ತಿದ್ದವು.

ನಾನು ಹಗ್ಗ ದಾಟಿ ಒಳಗೆ ನುಗ್ಗಿದೆ. ಒಬ್ಬ ಎದೆಗೆ ಕೈ ಕೊಟ್ಟು ತಡೆದ. “ಯಾರಲೇ ನೀನು?”

“ಟಗರು ನಂದು” ಅಂದೆ.

ಸಾವ್ಕಾರ ಕುರ್ಚಿಯಿಂದಲೇ, “ಯಾವಾಗಿಂದ ನಿಂದಾತಲೇ? ಡಬ್ಬ ಹೊರೋನಿಗೆ ಟಗರ್ ಬೇರೆ ಕೇಡು. ಎಳ್ಕಂಡ್ ಹೋಗ್ರಲೇ ಆಚೆಗೆ” ಅಂದ. ಪಕ್ಕದವರು ನಕ್ಕರು.

ಹೋಗಿ ಅವನ ಬಾಯಿಗೆ ಗುದ್ದಿದೆ. ಕುರ್ಚಿ ಸಮೇತ ಹಿಂದಕ್ಕೆ ಬಿದ್ದ. ಎರಡನೆಯ ಏಟು ಕೊಡುವಷ್ಟರಲ್ಲಿ ಅವನ ಆಳುಗಳು ನನ್ನನ್ನು ಕೆಡವಿದ್ದರು. ಟಗರಿಗೆ ಹೊಡೆದ ಕೋಲುಗಳಿಂದಲೇ ಹೊಡೆದರು. ಬೂಟುಗಾಲಿನಲ್ಲಿ ಮುಖಕ್ಕೆ ಒದ್ದರು. ಮುಂದಿನ ಎರಡು ಹಲ್ಲು ಹೋದವು, ಎಡಗಿವಿ ಇಂದಿಗೂ ಸರಿಯಾಗಿ ಕೇಳಿಸುವುದಿಲ್ಲ. ಜನ ಬಿಡಿಸಲಿಲ್ಲ. ಅವರಿಗೆ ಅದೂ ಒಂದು ಕಾಳಗ. ಏಳಲು ಆದಾಗ ಕಣ ಖಾಲಿಯಾಗಿತ್ತು. ಟಗರಿನ ಚರ್ಮವನ್ನು ಅಲ್ಲೇ ಹುಣಸೆ ಮರಕ್ಕೆ ನೇತುಹಾಕಿ, ಮಾಂಸ ಹಂಚಿಕೊಳ್ಳುತ್ತಿದ್ದರು.

ಬಸ್ಸಿನಲ್ಲಿ ಊರಿಗೆ ಬಂದೆ. ಅಂಗಿಯ ಮುಂಭಾಗವೆಲ್ಲ ಕೆಂಪಾಗಿತ್ತು. ಪಕ್ಕದಲ್ಲಿ ಯಾರೂ ಕೂರಲಿಲ್ಲ. ಹೆಂಡತಿ ಪಡಸಾಲೆಯ ಮಂಚದ ಮೇಲಿದ್ದಳು. ಅಪ್ಪ ಅವಳ ಕಾಲಿಗೆ ಎಣ್ಣೆ ನೀವುತ್ತಿದ್ದ. ಇಬ್ಬರೂ ನನ್ನ ಮುಖ ನೋಡಿದರು.

“ಸತ್ತೋಯ್ತು” ಅಂದೆ.

“ಎಲ್ಲಿ ಮಣ್ಣು ಮಾಡಿದ್ರಿ?” ಅಂದಳು ಅವಳು.

ನಾನು ಕೆಂಪಾದ ಅಂಗಿಯ ಗುಂಡಿ ಬಿಚ್ಚತೊಡಗಿದೆ. ಅವಳು ಕುರಿ ಕಾಯುವವರ ಮನೆಯ ಹೆಣ್ಣು, ಅವಳಿಗೆ ಗೊತ್ತಾಯಿತು. ಗೋಡೆಯ ಕಡೆ ತಿರುಗಲು ನೋಡಿದಳು, ಸೊಂಟ ಬಿಡಲಿಲ್ಲ. ಹಾಗಾಗಿ ಕಣ್ಣು ಮುಚ್ಚಿಕೊಂಡಳು.

ನಾನು ಮಂಚದ ಕಾಲು ಹಿಡಿದು ಕೆಳಗೆ ಕೂತು ಅತ್ತೆ. ಬಾಯಿಯ ರಕ್ತ, ಕಣ್ಣೀರು ಎರಡೂ ನೆಲಕ್ಕೆ ಸುರಿಯುತ್ತಿದ್ದವು. ಅವಳು ಕಣ್ಣು ತೆರೆಯದೆಯೇ ಹೇಳಿದಳು:

“ನನ್ ಮುಂದೆ ಅಳಬ್ಯಾಡ ಮಾವ. ನಂಗೆ ಸೊಂಟ ನೋಯ್ತೈತೆ. ನಿನ್ನ ಸಮಾಧಾನ ಮಾಡಾಕೆ ಆಗಲ್ಲ ನನ್ ಕೈಲಿ.”

ಅಪ್ಪ ಎಣ್ಣೆಯ ಬಟ್ಟಲನ್ನು ನನ್ನ ಮುಂದಕ್ಕೆ ಸರಿಸಿ, ಕುರಿಗಳನ್ನು ದೊಡ್ಡಿಗೆ ಕೂಡಲು ಎದ್ದುಹೋದ. ನಾನು ಕೈ ತೊಳೆದುಕೊಂಡು ಬಂದು ಅವಳ ಕಾಲು ನೀವಲು ಕೂತೆ. ಮೊದಲು ಕಾಲು ಎಳೆದುಕೊಂಡಳು. ಎಳೆದುಕೊಂಡರೆ ಇನ್ನೂ ನೋಯುತ್ತದೆಂದು ತಿಳಿದು ಬಿಟ್ಟಳು.