ಅಕ್ಕ ತರಗೋನದಲ್ಲಿ ಎತ್ತಿ ಕುಡಿದದ್ದು

ಸ್ಪೇನ್ ದೇಶದ ತರಗೋನ ಎಂಬ ಊರಿನಲ್ಲಿ ನಾನು ಹೇಳಿದ ಒಂದು ಸುಳ್ಳಿನಿಂದ ನಮ್ಮಕ್ಕನ ಮಾನ ಮಧುಗಿರಿಯ ಕಚೇರಿಯೊಂದರ ಮೇಜಿನ ಮೇಲೆ ಬಂದು ಕೂತಿತು. ಹೇಳಿದ್ದಕ್ಕೆ ಈಗಲೂ ನಾಚಿಕೆಯಿದೆ. ಹೇಳದಿದ್ದರೆ ಎಂಥ ದೃಶ್ಯ ತಪ್ಪಿಹೋಗುತ್ತಿತ್ತು ಎಂಬುದೂ ಅಷ್ಟೇ ನಿಜ.

ವರ್ಷಗಟ್ಟಲೆ ಹೈಸ್ಕೂಲು ಮಕ್ಕಳಿಗೆ ರೋಮನ್ನರ ಕತೆ ಹೇಳಿ ನಿವೃತ್ತಳಾದವಳು ನಾನು. ರೋಮನ್ನರು ಕಟ್ಟಿದ ಒಂದು ಗೋಡೆಯನ್ನಾದರೂ ಮುಟ್ಟಿ ಸಾಯಬೇಕೆಂದು ಗುಂಪು ಪ್ರವಾಸಕ್ಕೆ ಹೆಸರು ಕೊಟ್ಟೆ. ವೀಸಾಕ್ಕೆ ಓಡಾಡುವ ಮೊದಲೇ ನಮ್ಮ ಯಜಮಾನರ ಮಂಡಿ ಕೈಕೊಟ್ಟಿತು. ಅವರ ಜಾಗಕ್ಕೆ ಅಕ್ಕನನ್ನು ಎಳೆದುಕೊಂಡೆ. ಅಕ್ಕ ಮಿಡಿಗೇಶಿ ಕಡೆಯ ಒಂದು ಹಳ್ಳಿಯಲ್ಲಿರುವವಳು. ಭಾವ ಕುಡಿದೂ ಕುಡಿದೂ ತೀರಿಕೊಂಡ ಮೇಲೆ, ಶಾಲೆಯ ಗೇಟಿನ ಎದುರಿಗಿರುವ ಹೆಂಡದಂಗಡಿಯನ್ನು ಅಲ್ಲಿಂದ ಎತ್ತಿಸಲೇಬೇಕೆಂದು ಊರಿನ ಹೆಂಗಸರನ್ನು ಕಟ್ಟಿಕೊಂಡು ಅರ್ಜಿಯ ಮೇಲೆ ಅರ್ಜಿ ಹಾಕುತ್ತಿದ್ದಳು. ನಾವು ವಾಪಸು ಬಂದ ಮರುವಾರವೇ ಮಧುಗಿರಿಯಲ್ಲಿ ಅದರ ವಿಚಾರಣೆ. "ಅಷ್ಟೊತ್ಗೆ ತಂದು ಬುಡ್ತೀಯಾ ತಾನೇ?" ಎಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೇ ವಿಮಾನ ಹತ್ತಿದ್ದು.

ತರಗೋನ ಕಡಲ ದಂಡೆಯ ಊರು. ಕೋಟೆಗೋಡೆಯ ಮೇಲೆ ಅಂಗೈ ಇಟ್ಟು ನಾನು ಕಣ್ಣುಮುಚ್ಚಿ ನಿಂತಿದ್ದರೆ, ಅಕ್ಕ ಕಲ್ಲಿನ ಸಂದಿಗೆ ಬೆರಳು ತೂರಿಸಿ ಪರೀಕ್ಷೆ ಮಾಡುತ್ತಿದ್ದಳು.

"ನಮ್ ಮಿಡಿಗೇಶಿ ಬೆಟ್ಟದ್ ಕೋಟೆ ಇದ್ಕಿಂತ ಗಟ್ಟಿ ಐತೆ ಕಣೇ. ಆದ್ರೂ ನೋಡು, ಇಲ್ಲಿ ಕಸ ಗುಡ್ಸವ್ರೆ."

ಊಟಕ್ಕೆ ಸುಟ್ಟ ಬ್ರೆಡ್ಡು ತಂದಿಟ್ಟರು, ಮೇಲೆ ಟೊಮೇಟೊ ಹಣ್ಣು ಉಜ್ಜಿದ್ದರು. ಉಜ್ಜುವ ಬದಲು ಒಂದು ಒಗ್ಗರಣೆ ಹಾಕಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂಬುದು ಅಕ್ಕನ ಪ್ರಶ್ನೆ. ಜೊತೆಗೆ ಬಾದಾಮಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಅರೆದ ಕೆಂಪನೆಯ ಗೊಜ್ಜು. ಆ ಊರಿನದೇ ಹೆಗ್ಗಳಿಕೆಯಂತೆ. ಅಕ್ಕ ಬೆರಳಲ್ಲಿ ತೆಗೆದು ನೆಕ್ಕಿದಳು. "ನಮ್ ಕಡ್ಲೆಕಾಯ್ ಚಟ್ನಿಗೆ ಸಾವ್ಕಾರ್ರ ಮನೆ ಸಂಬಂಧ ಕುದ್ರಿದಂಗೈತೆ. ಖಾರ ಮಾತ್ರ ತವರಲ್ಲೇ ಬಿಟ್ ಬಂದೈತೆ" ಎಂದಳು.

ನಮ್ಮ ಗುಂಪಿನಲ್ಲಿ ಬೆಂಗಳೂರಿನ ಒಬ್ಬರು ಮೇಡಂ ಇದ್ದರು. ಮೊದಲ ದಿನ ಬಸ್ಸಿನಲ್ಲಿ ಅಕ್ಕ ನೀರಿನ ಬಾಟಲಿಯನ್ನು ಮೇಲಕ್ಕೆತ್ತಿ ಗಟಗಟ ಸುರಿದುಕೊಂಡಾಗ, "ಇವರ್ಯಾಕೆ ಬಾಟಲಿಗೆ ಬಾಯಿ ಇಡಲ್ಲ? ಫಾರಿನ್ನವರು ನೋಡಿದರೆ ಏನಂದ್ಕೊತಾರೆ?" ಎಂದು ನನ್ನ ಕಿವಿಯಲ್ಲಿ ಹೇಳಿದ್ದರು. ಎಂಜಲು ಮಾಡದೆ ಎತ್ತಿ ಕುಡಿಯುವುದು ನಮ್ಮ ಮನೆಯಲ್ಲಿ ಅಕ್ಷರಕ್ಕಿಂತ ಮೊದಲು ಕಲಿಸುವ ವಿದ್ಯೆ. ನನಗೆ ಮೈಯೆಲ್ಲ ಉರಿದುಹೋಯಿತು.

ಐದನೆಯ ದಿನ ಒಂದು ಹಳೆಯ ನೆಲಮಾಳಿಗೆಗೆ ವೈನ್ ರುಚಿ ನೋಡಲು ಕರೆದುಕೊಂಡು ಹೋದರು. ಅಲ್ಲಿನ ಹುಡುಗಿ ಒಂದು ಗಾಜಿನ ಹೂಜಿ ತಂದಳು. ಅದರ ಪಕ್ಕಕ್ಕೆ ಸಣ್ಣ ತುದಿಯ ಉದ್ದನೆಯ ಮೂತಿ. ಇದನ್ನು ಕೈಯಿಂದ ಕೈಗೆ ದಾಟಿಸಿ ಎಲ್ಲರೂ ಕುಡಿಯಬೇಕು, ಆದರೆ ತುಟಿ ತಾಗಿಸುವಂತಿಲ್ಲ, ಎತ್ತಿ ಸುರಿದುಕೊಳ್ಳಬೇಕು ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ನನಗೆ ಒಳಗೊಳಗೇ ರೋಮಾಂಚನ. ಗಂಡಸರು ಒಬ್ಬೊಬ್ಬರಾಗಿ ಎತ್ತಿದರು. ಒಬ್ಬರ ಮೂಗಿಗೆ ಹೋಯಿತು, ಇನ್ನೊಬ್ಬರ ಕಿವಿಗೆ ಹೋಯಿತು. ಮೇಡಂ ಅವರ ಬಿಳಿ ಕುರ್ತಾ ಹೋಳಿ ಆಡಿ ಬಂದಂತಾಯಿತು. ಅಕ್ಕನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

"ಅಯ್ಯೋ, ಇಷ್ಟ್ ವಯ್ಸಾದ್ರೂ ಎತ್ತಿ ಕುಡಿಯಕ್ ಬರಲ್ವಲ್ಲೇ ಇವ್ರಿಗೆ! ಏನೇ ಅದು?"

"ದ್ರಾಕ್ಷಿ ರಸ ಕಣಕ್ಕ."

ಅದೇ ಆ ಸುಳ್ಳು. ನಿಜ ಹೇಳಿದರೆ ಮುಟ್ಟುವುದಿಲ್ಲ, ಮುಟ್ಟದಿದ್ದರೆ ಆ ಮೇಡಂಗೆ ಬುದ್ಧಿ ಬರುವುದಿಲ್ಲ. ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಅಕ್ಕ ಸೆರಗು ಸಿಕ್ಕಿಸಿ ಹೂಜಿ ಇಸಿದುಕೊಂಡಳು. ಕೈ ಪೂರ್ತಿ ಚಾಚುವವರೆಗೂ ಮೇಲಕ್ಕೆತ್ತಿದಳು. ಸಣ್ಣ ಕೆಂಪು ಧಾರೆ ನೇರ ಗಂಟಲಿಗೆ ಇಳಿಯಿತು, ಒಂದು ತೊಟ್ಟೂ ಆಚೆ ಬೀಳಲಿಲ್ಲ. ನಡುವೆ ಒಂದು ಸಲ ಹುಬ್ಬು ಗಂಟಾಯಿತು, ಆದರೂ ನಿಲ್ಲಿಸಲಿಲ್ಲ. ನೆಲಮಾಳಿಗೆಯೆಲ್ಲ ಚಪ್ಪಾಳೆ. ಆ ಮೇಡಮ್ಮೇ ಬಂದು ಹೇಗೆಂದು ಕೇಳಿದರು. "ತಲೆ ಎತ್ತು, ಉಸ್ರು ಬಿಗಿ ಹಿಡಿ, ಎದುರ್ಕಬ್ಯಾಡ" ಎಂದು ಅಕ್ಕ ಪಾಠ ಮಾಡಿದಳು.

ನಾನು ಹಿಗ್ಗಿ ಹೀರೇಕಾಯಿಯಾಗಿ, ಅಕ್ಕ ಎತ್ತಿ ಕುಡಿಯುವಾಗ ತೆಗೆದಿದ್ದ ಫೋಟೋವನ್ನು ಬಳಗದ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. ನಾವು ಬೆಂಗಳೂರಿನಲ್ಲಿ ಇಳಿಯುವಷ್ಟರಲ್ಲಿ ಅದು ಹೆಂಡದಂಗಡಿಯವನ ಫೋನಿಗೆ ತಲುಪಿತ್ತು. ಅಕ್ಕನ ಜೊತೆ ಓಡಾಡುತ್ತಿದ್ದ ಹೆಂಗಸರು ಅವಳ ಫೋನೆತ್ತುವುದನ್ನೇ ಬಿಟ್ಟರು. ನನ್ನಿಂದ ಅವಳ ಇಷ್ಟು ವರ್ಷದ ಕೆಲಸ ಮಣ್ಣುಪಾಲಾಯಿತೆಂದು ನನಗೆ ಅನ್ನ ಸೇರಲಿಲ್ಲ.

ವಿಚಾರಣೆಯ ದಿನ ಹೆಂಗಸರು ಬಂದರು, ಆದರೆ ಅಕ್ಕನಿಂದ ಒಂದು ಮಾರು ದೂರ ಕೂತರು. ಅಂಗಡಿಯವನು ಫೋಟೋವನ್ನು ಕ್ಯಾಲೆಂಡರಿನಷ್ಟು ದೊಡ್ಡದು ಮಾಡಿಸಿ ತಂದಿದ್ದ. ಅಧಿಕಾರಿಯ ಮೇಜಿನ ಮೇಲೆ ಹರಡಿ, "ನೋಡಿ ಸಾರ್, ಫಾರಿನ್‌ಗೋಗಿ ಕುಡಿಯೋರು ನಮಗೆ ಬುದ್ಧಿ ಹೇಳಕ್ ಬತ್ತಾರೆ" ಎಂದ.

ನಾನು ಎದ್ದು ನಿಂತೆ. "ಸಾರ್, ಅದು ಬರೀ ದ್ರಾಕ್ಷಿ ರಸ. ನಾನೇ ಸಾಕ್ಷಿ."

ಅಕ್ಕ ನನ್ನ ಸೆರಗು ಹಿಡಿದೆಳೆದಳು. "ಕುಂತ್ಕಳೇ ಸಾಕು. ವೈನು ಸ್ವಾಮಿ ಅದು. ಬಾಯಿಗ್ ಬಿದ್ದೇಟ್ಗೇ ಗೊತ್ತಾತು. ನಿಲ್ಸಿದ್ರೆ ಸೀರೆ ಮ್ಯಾಲೆ ಚೆಲ್ಲೋದು, ಮುಗಿಸ್ಬುಟ್ಟೆ."

ಅಧಿಕಾರಿ ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು. ಆಮೇಲೆ ಅದನ್ನು ಕೆಳಗಿಟ್ಟು, "ಹೇಗಿತ್ತಮ್ಮ?" ಎಂದರು.

"ಹುಣ್ಸೇಹಣ್ಣಿನ್ ನೀರಿಗೆ ಬೆಲ್ಲ ಹಾಕದು ಮರ್ತಂಗಿತ್ತು. ನಾನ್ ಕುಡ್ದಿದ್ದು ತಪ್ಪು ಅಂತ ಬರ್ಕಳಿ. ಆದ್ರೆ ಆ ದೇಸದ್ ಅಂಗ್ಡಿ ಎದ್ರಿಗೆ ಸ್ಕೂಲಿರ್ನಿಲ್ಲ, ಈ ಅಂಗ್ಡಿ ಎದ್ರಿಗೈತೆ. ನಾನ್ ಅರ್ಜಿ ಕೊಟ್ಟಿರೋದು ಅದುಕ್ಕೆ."

ಹಿಂದೆ ಯಾರೋ ಕಿಸಕ್ಕೆಂದರು. ಹೆಂಗಸರು ಒಬ್ಬೊಬ್ಬರಾಗಿ ಅಕ್ಕನ ಪಕ್ಕಕ್ಕೆ ಸರಿದು ಕೂತರು. ಗೇಟಿನಿಂದ ಅಂಗಡಿಗೆ ಎಷ್ಟು ದೂರವೆಂದು ಅಧಿಕಾರಿ ಕೇಳಿದರೆ ಅಂಗಡಿಯವನ ಬಳಿ ಒಂದು ಕಾಗದವೂ ಇಲ್ಲ. ಫೋಟೋ ಒಂದೇ ಸಾಕೆಂದು ಬಂದಿದ್ದ. ಅಂಗಡಿಯನ್ನು ಅಲ್ಲಿಂದ ಎತ್ತಬೇಕೆಂದು ಅವರು ಬರೆದರು.

ವಾಪಸು ಹೋಗುವ ಬಸ್ಸಿನಲ್ಲಿ ನಾನು ತಪ್ಪಾಯಿತೆಂದು ಅಕ್ಕನ ಕೈ ಹಿಡಿದುಕೊಂಡೆ. "ಗೊತ್ತಾದ ಕೂಡಲೇ ನಿಲ್ಲಿಸೋದಲ್ವೇನಕ್ಕ? ಸೀರೆ ಹಾಳಾದ್ರೆ ಇನ್ನೊಂದು ತಗೊಳ್ತಿದ್ವಿ."

ಅಕ್ಕ ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದಳು.

"ಸೀರೆ ಮಾತು ಸಾಯೇಬ್ರಿಗೆ ಹೇಳಿದ್ದು. ನಿಮ್ ಭಾವ ನನ್ನೂ ಮಕ್ಳುನ್ನೂ ಬಿಟ್ಟು ಅದ್ರ ಹಿಂದ್ಲೇ ಹೋದ್ರಲ್ಲ, ಅಂತಾದ್ದು ಏನೈತೆ ಅದ್ರಾಗೆ ಅಂತ ಕೊನೇ ತೊಟ್ಟಿನ್ ತಂಕ ನೋಡ್ದೆ. ಏನೂ ಇರ್ನಿಲ್ಲ ಕಣೇ."